ಸಿ ಹೋಗಿ ಟಿ ಬರುವ ದಾರಿ: ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಒಂದು ಅಕ್ಷರ

ಟಿಸಿಜಿ ಇದ್ದದ್ದು ಟಿಟಿಜಿ ಆಗುತ್ತದೆ. ನಡುವಿನ ಸಿ ಹೋಗಿ ಆ ಜಾಗದಲ್ಲಿ ಟಿ ಕೂರುತ್ತದೆ, ಅಷ್ಟೇ. ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎ ಎ, ಟಿ, ಸಿ, ಜಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಬರೆದದ್ದು, ಸುಮಾರು 44 ಲಕ್ಷ ಅಕ್ಷರ ಉದ್ದ. ಅದರಲ್ಲಿ ಬದಲಾದದ್ದು ಒಂದು. ಆದರೆ ಆ ಅಕ್ಷರ ಇರುವುದು ಆರ್‌ಪಿಒ-ಬಿ ಎಂಬ ಜೀನಿನ 450ನೇ ಕೋಡಾನ್‌ನಲ್ಲಿ, ಅಂದರೆ ಒಂದು ಅಮೈನೊ ಆಮ್ಲವನ್ನು ಸೂಚಿಸುವ ಮೂರಕ್ಷರದ ಪದದಲ್ಲಿ. ಆ ಜೀನಿನಿಂದ ತಯಾರಾಗುವ ಪ್ರೋಟೀನು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವದ ಒಂದು ಭಾಗ. ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್ ಹೋಗಿ ಕೂರುವ ಗುಳಿ ಇರುವುದು ಅದರಲ್ಲೇ. ಔಷಧಿ ಅಲ್ಲಿ ಕೂತರೆ ಹೊಸ ಆರ್‌ಎನ್‌ಎ ಎರಡು ಮೂರು ಅಕ್ಷರ ಬೆಳೆಯುವಷ್ಟರಲ್ಲೇ ಅದಕ್ಕೆ ಡಿಕ್ಕಿ ಹೊಡೆದು ನಿಲ್ಲುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಸಿ ಹೋಗಿ ಟಿ ಬಂದಾಗ ಆ ಗುಳಿಯಲ್ಲಿದ್ದ ಸೆರಿನ್ ಎಂಬ ಪುಟ್ಟ ಅಮೈನೊ ಆಮ್ಲದ ಜಾಗಕ್ಕೆ ದಪ್ಪನೆಯ ಲ್ಯೂಸಿನ್ ಬರುತ್ತದೆ. ಔಷಧಿ ಸರಿಯಾಗಿ ಕೂರಲಾರದು. ರಿಫಾಂಪಿಸಿನ್‌ಗೆ ಬಗ್ಗದ ಕ್ಷಯದಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಕಾಣುವ ಬದಲಾವಣೆ ಇದೇ.

ಡಿಎನ್‌ಎ ನಕಲು, ರಿಪೇರಿ, ಮ್ಯುಟೇಶನ್ ಈ ಮೂರನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದವರಿಗೆ ಅವುಗಳ ನಡುವಿನ ಕೊಂಡಿ ತಪ್ಪಿಹೋಗಿರುತ್ತದೆ. ಈ ಒಂದೇ ಸಿ ಹಿಂದೆ ಹೋದರೆ ಮೂರೂ ಒಂದೇ ಕೆಲಸದ ಭಾಗಗಳಾಗಿ ಕಾಣುತ್ತವೆ.

ಮೊದಲು ಒಂದು ಗೊಂದಲ ತೀರಬೇಕು. ಡಿಎನ್‌ಎಗೆ ಆಗುವ ಹಾನಿ ಬೇರೆ, ಮ್ಯುಟೇಶನ್ ಬೇರೆ. ಪಠ್ಯಪುಸ್ತಕಗಳು ಉತ್ಪರಿವರ್ತನೆ ಎನ್ನುವುದು, ಕೋವಿಡ್ ಕಾಲದಲ್ಲಿ ಪತ್ರಿಕೆಗಳು ರೂಪಾಂತರ ಎಂದದ್ದು ಎರಡನೆಯದನ್ನು. ಹಾನಿಯಾದಾಗ ಡಿಎನ್‌ಎಯ ರಸಾಯನ ಕೆಟ್ಟಿರುತ್ತದೆ: ಇರಬಾರದ ಅಣು ಅಲ್ಲಿದೆ, ಇರಬೇಕಾದ್ದು ಬಿದ್ದುಹೋಗಿದೆ, ಎಳೆ ತುಂಡಾಗಿದೆ. ರಿಪೇರಿ ಕಿಣ್ವಗಳು ಹುಡುಕುವುದು ಇಂಥದ್ದನ್ನೇ. ಇನ್ನು ಮ್ಯುಟೇಶನ್ ಆದ ಡಿಎನ್‌ಎಯನ್ನು ನೋಡಿದರೆ ಎಲ್ಲವೂ ನೆಟ್ಟಗಿದೆ. ಟಿ ಎದುರು ಎ ಇದೆ, ಎಳೆಗಳು ಸರಿಯಾಗಿ ಹೊಂದಿಕೊಂಡಿವೆ. ಇಲ್ಲಿ ಹಿಂದೆ ಸಿ-ಜಿ ಇತ್ತು ಎಂದು ಹೇಳಲು ಜೀವಕೋಶದ ಬಳಿ ಯಾವ ಸಾಕ್ಷಿಯೂ ಉಳಿದಿಲ್ಲ. ಹಾನಿ ಮ್ಯುಟೇಶನ್ ಆಗಿ ಗಟ್ಟಿಯಾಗುವುದು ಸಾಮಾನ್ಯವಾಗಿ ನಕಲು ಮಾಡುವ ಯಂತ್ರ ಅದರ ಮೇಲೆ ಹಾದುಹೋದಾಗ. ಹಾಗಾಗಿ ರಿಪೇರಿಗೆ ಗಡುವು ಇದೆ: ಮುಂದಿನ ನಕಲು.

ನಕಲಿನ ಯಂತ್ರವನ್ನು ಬಿಡಿಬಿಡಿಯಾಗಿ ಬಲ್ಲೆವೆಂದರೆ ಅದಕ್ಕೆ ಇ. ಕೋಲೈ ಬ್ಯಾಕ್ಟೀರಿಯಾವೇ ಕಾರಣ. ಅದರ ಡಿಎನ್‌ಎ ಒಂದು ಉಂಗುರ, ಸುಮಾರು 46 ಲಕ್ಷ ಅಕ್ಷರ. ನಕಲು ಶುರುವಾಗುವ ಜಾಗ ಒಂದೇ, ಸುಮಾರು 245 ಅಕ್ಷರಗಳ ಒಂದು ತುಣುಕು. ಅಲ್ಲಿಗೆ ಡಿಎನ್‌ಎ-ಎ ಎಂಬ ಪ್ರೋಟೀನಿನ ಹಲವು ಪ್ರತಿಗಳು ಬಂದು ಅಂಟಿದಾಗ, ಎ ಮತ್ತು ಟಿ ಹೆಚ್ಚಿರುವ ಪಕ್ಕದ ಭಾಗ ಬಿಚ್ಚಿಕೊಳ್ಳುತ್ತದೆ. ಎ-ಟಿ ನಡುವೆ ಎರಡೇ ಹೈಡ್ರೋಜನ್ ಬಂಧ, ಸಿ-ಜಿ ನಡುವೆ ಮೂರು. ಬಿಚ್ಚಲು ಸುಲಭವಾದ ಕಡೆ ಬಾಗಿಲು ಇಟ್ಟಿದೆ. ಬಿಚ್ಚಿದ ಎರಡೂ ಎಳೆಗಳಿಗೆ ಹೆಲಿಕೇಸ್ ಎಂಬ ಬಳೆಯಾಕಾರದ ಕಿಣ್ವವನ್ನು ತೊಡಿಸಲಾಗುತ್ತದೆ. ಎರಡು ಬಳೆಗಳು ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಎಳೆಗಳು ಬೇರಾಗುವ ಈ ಕವಲುಗಳು ಉಂಗುರದ ಎದುರು ಬದಿಯಲ್ಲಿ ಸೇರಿದಾಗ ನಕಲು ಮುಗಿಯಿತು.

ತೆಂಗಿನ ನಾರಿನ ಹಗ್ಗವನ್ನು ನಡುವೆ ಹಿಡಿದು ಎರಡು ಎಳೆಗಳನ್ನು ಬೇರ್ಪಡಿಸುತ್ತ ಹೋಗಿ ನೋಡಿ. ಮುಂದಿನ ಭಾಗದ ಹುರಿ ಬಿಗಿಯಾಗುತ್ತ, ಕೊನೆಗೆ ಹಗ್ಗವೇ ಸುರುಳಿ ಸುತ್ತಿಕೊಂಡು ಕೈ ಮುಂದೆ ಹೋಗುವುದಿಲ್ಲ. ಡಿಎನ್‌ಎಯಲ್ಲಿ ಸುಮಾರು 10.5 ಅಕ್ಷರಕ್ಕೆ ಒಂದು ಸುತ್ತು. ಇ. ಕೋಲೈಯ ಕವಲು ಸೆಕೆಂಡಿಗೆ ಸುಮಾರು 1,000 ಅಕ್ಷರ ದಾಟುತ್ತದೆ, ಅಂದರೆ ಸೆಕೆಂಡಿಗೆ 95 ಸುತ್ತು ಬಿಚ್ಚಬೇಕು. ಮುಂದೆ ಕಟ್ಟಿಕೊಳ್ಳುವ ಬಿಗುವನ್ನು ಗೈರೇಸ್ ಎಂಬ ಕಿಣ್ವ ಇಳಿಸುತ್ತದೆ: ಎರಡೂ ಎಳೆಗಳನ್ನು ಕತ್ತರಿಸಿ, ಆ ಸಂದಿನಲ್ಲಿ ಡಿಎನ್‌ಎಯ ಇನ್ನೊಂದು ಭಾಗವನ್ನು ತೂರಿಸಿ, ಮತ್ತೆ ಬೆಸೆಯುತ್ತದೆ. ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಔಷಧಿಗಳು ಗೈರೇಸ್ ಕತ್ತರಿಸಿದ ಮೇಲೆ ಬೆಸೆಯದಂತೆ ತಡೆಯುತ್ತವೆ. ಬ್ಯಾಕ್ಟೀರಿಯಾದ ಉಪಕರಣವೇ ಅದರ ಡಿಎನ್‌ಎಯನ್ನು ತುಂಡು ಮಾಡಿಟ್ಟಂತಾಗುತ್ತದೆ.

ಬರೆಯುವ ಕಿಣ್ವ ಡಿಎನ್‌ಎ ಪಾಲಿಮರೇಸ್. ಅದಕ್ಕೆ ಎರಡು ಮಿತಿಗಳಿವೆ, ಉಳಿದ ಏರ್ಪಾಡೆಲ್ಲ ಈ ಮಿತಿಗಳನ್ನು ಸುತ್ತಿಕೊಂಡೇ ಇದೆ. ಒಂದು, ಅದು ಖಾಲಿ ಜಾಗದಲ್ಲಿ ಬರೆಯಲು ಶುರು ಮಾಡಲಾರದು. ಈಗಾಗಲೇ ಇರುವ ತುದಿಗೆ ಅಕ್ಷರ ಸೇರಿಸಬಲ್ಲದು ಅಷ್ಟೇ. ಆ ಮೊದಲ ತುದಿಯನ್ನು ಪ್ರೈಮೇಸ್ ಎಂಬ ಕಿಣ್ವ ಸುಮಾರು 10 ಅಕ್ಷರ ಉದ್ದದ ಆರ್‌ಎನ್‌ಎಯಾಗಿ ಬರೆದುಕೊಡುತ್ತದೆ. ಇದೇ ಪ್ರೈಮರ್. ಪ್ರೈಮೇಸ್ ತಪ್ಪು ಹೆಚ್ಚು ಮಾಡುತ್ತದೆ, ತಿದ್ದಿ ನೋಡುವ ಅಭ್ಯಾಸ ಅದಕ್ಕಿಲ್ಲ. ಆದರೆ ಅದು ಬರೆದದ್ದು ಆರ್‌ಎನ್‌ಎ ಆದ್ದರಿಂದ ಗುರುತು ಹಿಡಿದು ಕಿತ್ತುಹಾಕಿ ಡಿಎನ್‌ಎಯಲ್ಲಿ ಮತ್ತೆ ಬರೆಯಬಹುದು. ಅತಿ ಕಡಿಮೆ ನಂಬಿಕೆಯ ಭಾಗವನ್ನು ಅಳಿಸಲೆಂದೇ ಬೇರೆ ಶಾಯಿಯಲ್ಲಿ ಬರೆದ ಈ ವ್ಯವಸ್ಥೆ ನನಗೆ ಇಡೀ ಯಂತ್ರದಲ್ಲೇ ಅತಿ ಚೆಂದ ಅನಿಸುವ ಭಾಗ.

ಎರಡನೆಯ ಮಿತಿ ದಿಕ್ಕಿನದು. ಪಾಲಿಮರೇಸ್ ಎಳೆಯ 5 ಪ್ರೈಮ್ ಎಂಬ ತುದಿಯಿಂದ 3 ಪ್ರೈಮ್ ಎಂಬ ತುದಿಯ ಕಡೆಗೆ ಮಾತ್ರ ಬರೆಯುತ್ತದೆ. ಕಾರಣ ಶಕ್ತಿಯ ಲೆಕ್ಕದಲ್ಲಿದೆ. ಅಕ್ಷರ ಜೋಡಿಸಲು ಬೇಕಾದ ಶಕ್ತಿ ಹೊಸದಾಗಿ ಬರುವ ಅಕ್ಷರದ ಮೂರು ಫಾಸ್ಫೇಟ್‌ಗಳಲ್ಲಿ ಇರುತ್ತದೆ. ತಪ್ಪು ಅಕ್ಷರವನ್ನು ಕತ್ತರಿಸಿ ಎಸೆದರೂ ತುದಿ ಹಾಗೇ ಇರುತ್ತದೆ, ಮುಂದಿನ ಅಕ್ಷರ ತನ್ನ ಶಕ್ತಿಯನ್ನು ತಾನೇ ಹೊತ್ತು ತರುತ್ತದೆ. ಎದುರು ದಿಕ್ಕಿನಲ್ಲಿ ಬರೆದರೆ ಶಕ್ತಿ ಬೆಳೆಯುತ್ತಿರುವ ತುದಿಯಲ್ಲೇ ಇರಬೇಕಾಗುತ್ತಿತ್ತು. ಒಮ್ಮೆ ತಿದ್ದಲು ಕತ್ತರಿಸಿದರೆ ಶಕ್ತಿಯೂ ಹೋಗಿ ಬರವಣಿಗೆ ಅಲ್ಲಿಗೇ ನಿಲ್ಲುತ್ತಿತ್ತು. ತಿದ್ದುವ ಅವಕಾಶ ಉಳಿಸಿಕೊಳ್ಳಲು ತೆತ್ತ ಬೆಲೆ ಏನೆಂದರೆ, ಎರಡು ಎಳೆಗಳಲ್ಲಿ ಒಂದನ್ನು ಒಂದೇ ಓಟದಲ್ಲಿ ಬರೆದರೆ ಇನ್ನೊಂದನ್ನು ಹಿಮ್ಮುಖವಾಗಿ ತುಂಡು ತುಂಡಾಗಿ ಬರೆಯಬೇಕು. ಬ್ಯಾಕ್ಟೀರಿಯಾದಲ್ಲಿ ಒಂದೊಂದು ತುಂಡು 1,000ದಿಂದ 2,000 ಅಕ್ಷರ, ಮನುಷ್ಯನಲ್ಲಿ 100ರಿಂದ 200. ಪ್ರತಿ ತುಂಡಿಗೂ ಒಂದು ಪ್ರೈಮರ್, ಅದನ್ನು ಕೀಳುವ ಕೆಲಸ, ಆ ಸಂದು ತುಂಬುವ ಕೆಲಸ, ಕೊನೆಗೆ ಲೈಗೇಸ್‌ನ ಬೆಸುಗೆ. ಈ ತುಂಡುಗಳನ್ನು ಕಂಡುಹಿಡಿದವರು ಜಪಾನಿನ ನಗೋಯಾದ ರೈಜಿ ಮತ್ತು ತ್ಸುನೆಕೊ ಒಕಾಝಾಕಿ ದಂಪತಿ, 1960ರ ದಶಕದ ಕೊನೆಯಲ್ಲಿ. ರೈಜಿ ಹಿರೋಷಿಮಾದವರು. ಹುಡುಗನಾಗಿದ್ದಾಗ ಅಣುಬಾಂಬಿನ ವಿಕಿರಣಕ್ಕೆ ಸಿಕ್ಕಿದ್ದವರು, 1975ರಲ್ಲಿ 44ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

ಇ. ಕೋಲೈಗೆ ಪೂರ್ತಿ ನಕಲಿಗೆ ಸುಮಾರು 40 ನಿಮಿಷ ಸಾಕು. ಕ್ಷಯದ ಬ್ಯಾಕ್ಟೀರಿಯಾ ಬಹಳ ನಿಧಾನಿ. ಅದರ ನಕಲಿಗೆ ಎಷ್ಟು ಹೊತ್ತು ಬೇಕೆಂದು ಅಳೆದದ್ದು ಬೆಂಗಳೂರಿನಲ್ಲೇ: ಭಾರತೀಯ ವಿಜ್ಞಾನ ಸಂಸ್ಥೆಯ ಹಿರಿಯಣ್ಣ ಮತ್ತು ಟಿ. ರಾಮಕೃಷ್ಣನ್ 1986ರಲ್ಲಿ ಪ್ರಕಟಿಸಿದ ಅಳತೆಯಂತೆ ಸುಮಾರು 10 ಗಂಟೆ. ಎರಡು ಕವಲುಗಳು ತಲಾ 22 ಲಕ್ಷ ಅಕ್ಷರಗಳಷ್ಟು ಓಡಬೇಕೆಂದರೆ ಸೆಕೆಂಡಿಗೆ 60 ಅಕ್ಷರದ ಆಸುಪಾಸು. ಒಂದು ಎರಡಾಗಲು 18ರಿಂದ 24 ಗಂಟೆ. ಕಫದ ಕಲ್ಚರ್ ವರದಿ ಬರಲು ವಾರಗಟ್ಟಲೆ ಕಾಯಬೇಕಾದದ್ದಕ್ಕೆ ಇದೇ ಕಾರಣ.

ಈಗ ನಮ್ಮ ಸಿ ವಿಷಯಕ್ಕೆ ಬರೋಣ. ಅದು ಟಿ ಆಗಲು ಮುಖ್ಯವಾಗಿ ಎರಡು ದಾರಿಗಳಿವೆ. ಬರೆಯುವಾಗಲೇ ತಪ್ಪುವುದು ಮೊದಲನೆಯದು.

ಸಿ ಎದುರಿನ ಎಳೆಯಲ್ಲಿ ಜಿ ಇದೆ. ಆ ಜಿ ನೋಡಿ ಬರೆಯುವಾಗ ಸಿ ಬದಲು ಟಿ ಹಾಕಿದರೆ ಕೆಲಸ ಕೆಟ್ಟಿತು. ಜಿ-ಟಿ ಜೋಡಿ ಅಷ್ಟೇನೂ ಅಸಹಜವಲ್ಲ. ಹೈಡ್ರೋಜನ್ ಒಂದು ಗಳಿಗೆ ಜಾಗ ಬದಲಿಸಿದರೆ ಅದರ ಆಕಾರ ಸರಿಯಾದ ಜೋಡಿಯ ಆಕಾರದಂತೆಯೇ ಆಗುತ್ತದೆ, ಪಾಲಿಮರೇಸ್ ಮೋಸಹೋಗುತ್ತದೆ. ಹೀಗೆ ಆಯ್ಕೆಯಲ್ಲೇ ಆಗುವ ತಪ್ಪು ಸುಮಾರು 1 ಲಕ್ಷ ಅಕ್ಷರಕ್ಕೆ ಒಂದು. ಇಷ್ಟಕ್ಕೇ ಬಿಟ್ಟರೆ 44 ಲಕ್ಷ ಅಕ್ಷರದ ಡಿಎನ್‌ಎಯಲ್ಲಿ ಪ್ರತಿ ನಕಲಿಗೂ 40ಕ್ಕೂ ಹೆಚ್ಚು ತಪ್ಪುಗಳಾಗುತ್ತವೆ. ಆದರೆ ತಪ್ಪು ಜೋಡಿ ಇರುವ ತುದಿ ಸಡಿಲ, ಅದಕ್ಕೆ ಮುಂದಿನ ಅಕ್ಷರ ಸೇರಿಸುವುದು ನಿಧಾನ. ಆ ತಡವರಿಕೆಯಲ್ಲಿ ತುದಿ ಜಾರಿ ಪಕ್ಕದಲ್ಲೇ ಇರುವ ಕತ್ತರಿಗೆ ಸಿಗುತ್ತದೆ, ಕೊನೆಯ ಅಕ್ಷರ ಕತ್ತರಿಸಿಹೋಗುತ್ತದೆ, ಬರವಣಿಗೆ ಮುಂದುವರಿಯುತ್ತದೆ. ಇದರಿಂದ ತಪ್ಪು ಇನ್ನೂ 100 ಪಟ್ಟು ಕಡಿಮೆಯಾಗುತ್ತದೆ. ಇ. ಕೋಲೈಯಲ್ಲಿ ಈ ಕತ್ತರಿ ಪಾಲಿಮರೇಸಿನ ಜೊತೆಗಿರುವ ಪ್ರತ್ಯೇಕ ಪ್ರೋಟೀನು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಅದೇ ಬಗೆಯ ಪ್ರೋಟೀನು ಇದ್ದರೂ ಕೆಲಸ ಮಾಡುವುದು ಬೇರೆ ಕತ್ತರಿ, ಬರೆಯುವ ಡಿಎನ್‌ಎ-ಇ1 ಪ್ರೋಟೀನಿನ ಮೈಯಲ್ಲೇ ಇರುವ ಒಂದು ಭಾಗ. ಇದು ಖಚಿತವಾದದ್ದು 2015ರಲ್ಲಿ. ಆ ಭಾಗವನ್ನು ಕೆಡಿಸಿದರೆ ಮ್ಯುಟೇಶನ್ ಸಾವಿರಾರು ಪಟ್ಟು ಏರುತ್ತದೆ.

ಪಿಸಿಆರ್, ಅಂದರೆ ಲ್ಯಾಬಿನ ಕೊಳವೆಯಲ್ಲಿ ಡಿಎನ್‌ಎ ತುಣುಕಿನ ಪ್ರತಿಗಳನ್ನು ಮಾಡುವವರಿಗೆ ಈ ಕತ್ತರಿ ದಿನವೂ ಎದುರಾಗುತ್ತದೆ. ಟ್ಯಾಕ್ ಪಾಲಿಮರೇಸಿಗೆ ಕತ್ತರಿ ಇಲ್ಲ, ಪಿಎಫ್‌ಯುಗೆ ಇದೆ. ಜೆಲ್ ಮೇಲೆ ಡಿಎನ್‌ಎಯ ಗೆರೆ, ಅಂದರೆ ಬ್ಯಾಂಡ್, ಬಂತೋ ಇಲ್ಲವೋ ನೋಡಲು ಟ್ಯಾಕ್ ಸಾಕು. ಜೀನನ್ನು ಕ್ಲೋನ್ ಮಾಡಿ ಪ್ರೋಟೀನು ತೆಗೆಯಬೇಕಿದ್ದರೆ ಪಿಎಫ್‌ಯು ಥರದ್ದೇ ಬೇಕು. ಟ್ಯಾಕ್ ಬಳಸಿದರೆ ನಾಲ್ಕೈದು ಕ್ಲೋನ್‌ಗಳನ್ನಾದರೂ ಸೀಕ್ವೆನ್ಸ್ ಮಾಡದೆ ನಂಬಬಾರದು. ಕತ್ತರಿಯಿರುವ ಕಿಣ್ವವನ್ನು ಮಿಶ್ರಣಕ್ಕೆ ಕೊನೆಯಲ್ಲಿ, ಐಸ್ ಮೇಲಿಟ್ಟುಕೊಂಡೇ ಹಾಕಬೇಕು. ಡಿಎನ್‌ಟಿಪಿ (ಜೋಡಿಸಲು ಬೇಕಾದ ಬಿಡಿ ಅಕ್ಷರಗಳು) ಇಲ್ಲದೆ ಕಾದು ಕೂತರೆ ಅದು ಪ್ರೈಮರ್‌ನ ತುದಿಯನ್ನೇ ತಿನ್ನುತ್ತದೆ, ಆಮೇಲೆ ಬ್ಯಾಂಡ್ ಯಾಕೆ ಬರಲಿಲ್ಲವೆಂದು ತಲೆ ಕೆರೆದುಕೊಳ್ಳಬೇಕು.

ಕತ್ತರಿಯನ್ನೂ ದಾಟಿದ ಜಿ-ಟಿ ಜೋಡಿ ಈಗ ಹೊಸ ಡಿಎನ್‌ಎಯಲ್ಲಿ ಕೂತಿದೆ. ಇದಿನ್ನೂ ಮ್ಯುಟೇಶನ್ ಆಗಿಲ್ಲ, ಜೋಡಿ ಹೊಂದುತ್ತಿಲ್ಲ. ತಿದ್ದಬೇಕೆಂದರೆ ಒಂದು ಪ್ರಶ್ನೆಗೆ ಉತ್ತರ ಬೇಕು: ಇವೆರಡರಲ್ಲಿ ತಪ್ಪು ಯಾವುದು? ಜಿ ತೆಗೆದು ಎ ಹಾಕಿದರೂ ಜೋಡಿ ಹೊಂದುತ್ತದೆ, ಆದರೆ ಆಗ ರಿಪೇರಿಯೇ ಮ್ಯುಟೇಶನ್ ಮಾಡಿಕೊಟ್ಟಂತೆ. ಇ. ಕೋಲೈ ಇದಕ್ಕೆ ಕಂಡುಕೊಂಡ ಉಪಾಯ ಹಳೆಯ ಎಳೆಗೆ ಗುರುತು ಹಾಕುವುದು. ಜಿಎಟಿಸಿ ಎಂದು ಬರೆದಿರುವ ಕಡೆಯೆಲ್ಲ ಎ ಮೇಲೆ ಮೀಥೈಲ್ ಗುರುತು ಇರುತ್ತದೆ. ಹೊಸ ಎಳೆಗೆ ಆ ಗುರುತು ಬೀಳಲು ಕೆಲವು ನಿಮಿಷ ತಡ. ಆ ಬಿಡುವಿನಲ್ಲಿ ಮ್ಯೂಟ್-ಎಸ್ ತಪ್ಪು ಜೋಡಿಯನ್ನು ಹಿಡಿಯುತ್ತದೆ, ಮ್ಯೂಟ್-ಎಲ್ ಸುದ್ದಿ ಮುಟ್ಟಿಸುತ್ತದೆ, ಮ್ಯೂಟ್-ಎಚ್ ಹತ್ತಿರದ ಜಿಎಟಿಸಿಯಲ್ಲಿ ಗುರುತಿಲ್ಲದ ಎಳೆಯನ್ನು ಸೀಳುತ್ತದೆ. ಅಲ್ಲಿಂದ ತಪ್ಪಿನಾಚೆಯವರೆಗೆ, ಕೆಲವೊಮ್ಮೆ 1,000 ಅಕ್ಷರಕ್ಕೂ ಹೆಚ್ಚು, ಹೊಸ ಎಳೆಯನ್ನು ತಿಂದುಹಾಕಿ ಮತ್ತೆ ಬರೆಯಲಾಗುತ್ತದೆ. ಒಂದು ಅಕ್ಷರಕ್ಕಾಗಿ ಇಷ್ಟು ಖರ್ಚು! ಪಾಲ್ ಮಾಡ್ರಿಚ್ ಅವರಿಗೆ 2015ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ. ಮೂರೂ ತಡೆಗಳನ್ನು ದಾಟಿ ಉಳಿಯುವ ತಪ್ಪು ಸಾವಿರ ತಲೆಮಾರಿಗೆ ಸುಮಾರು ಒಂದು. ಮನುಷ್ಯನಲ್ಲಿ ಮೀಥೈಲ್ ಗುರುತಿನ ಬದಲು ಹೊಸ ಎಳೆಯಲ್ಲಿ ಇನ್ನೂ ಬೆಸೆಯದ ಸಂದುಗಳೇ ಗುರುತು. ಈ ವ್ಯವಸ್ಥೆಯ ಎಂಎಸ್‌ಎಚ್2, ಎಂಎಲ್‌ಎಚ್1 ಮುಂತಾದ ಜೀನುಗಳು ಹುಟ್ಟಿನಿಂದಲೇ ಕೆಟ್ಟಿದ್ದರೆ ಲಿಂಚ್ ಸಿಂಡ್ರೋಮ್. ದೊಡ್ಡ ಕರುಳಿನ ಕ್ಯಾನ್ಸರ್ ಸಣ್ಣ ವಯಸ್ಸಿಗೇ ಬರುವ ಸಂಭವ ಹೆಚ್ಚು.

ಕ್ಷಯದ ಬ್ಯಾಕ್ಟೀರಿಯಾದಲ್ಲಿ ಮ್ಯೂಟ್-ಎಸ್ ಇಲ್ಲ, ಮ್ಯೂಟ್-ಎಲ್ ಇಲ್ಲ, ಮ್ಯೂಟ್-ಎಚ್ ಕೂಡ ಇಲ್ಲ. ಹಾಗಿದ್ದೂ ಅದರ ಮ್ಯುಟೇಶನ್ ಪ್ರಮಾಣ ಇ. ಕೋಲೈಗಿಂತ ವಿಪರೀತ ಹೆಚ್ಚೇನಲ್ಲ. ಇದು ಬಹುಕಾಲ ಒಗಟಾಗಿತ್ತು. 2017ರಲ್ಲಿ ಅದರ ಹತ್ತಿರದ ಸಂಬಂಧಿ ಮೈಕೊಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಲ್ಲಿ ನ್ಯೂಕ್-ಎಸ್ ಎಂಬ ಬೇರೆಯೇ ವಂಶದ ಪ್ರೋಟೀನು ಈ ಕೆಲಸ ಮಾಡುತ್ತದೆಂದು ಗೊತ್ತಾಯಿತು. ಅದನ್ನು ತೆಗೆದರೆ ಮ್ಯುಟೇಶನ್ ಸುಮಾರು 100 ಪಟ್ಟು ಹೆಚ್ಚುತ್ತದೆ.

ಎರಡನೆಯ ದಾರಿಯಲ್ಲಿ ಯಾರೂ ಬರೆಯುತ್ತಿರುವುದಿಲ್ಲ. ಸಿ ತನ್ನ ಪಾಡಿಗೆ ತಾನು ಕೂತಿರುತ್ತದೆ, ಸುತ್ತ ನೀರಿದೆ. ನೀರು ಸಿಯ, ಅಂದರೆ ಸೈಟೊಸಿನ್‌ನ, ಅಮೈನೊ ಗುಂಪನ್ನು ಕಿತ್ತುಕೊಂಡರೆ ಉಳಿಯುವುದು ಯುರಾಸಿಲ್, ಅಂದರೆ ಯು. ಯುರಾಸಿಲ್ ಜೋಡಿಯಾಗುವುದು ಎ ಜೊತೆ. ಮುಂದಿನ ನಕಲಿನಲ್ಲಿ ಅದರ ಎದುರು ಎ ಬರುತ್ತದೆ, ಅದರ ಮುಂದಿನದರಲ್ಲಿ ಆ ಎ ಎದುರು ಟಿ. ಸಿ ಹೋಗಿ ಟಿ ಬಂದಾಯಿತು.

ಇದು ಎಷ್ಟು ಸಲ ಆಗುತ್ತದೆ? 37 ಡಿಗ್ರಿಯಲ್ಲಿ, ಜೋಡಿ ಎಳೆಯ ಡಿಎನ್‌ಎಯಲ್ಲಿರುವ ಒಂದು ಸಿ ಹೀಗೆ ಕೆಡಲು ಅರ್ಧಾಯುಷ್ಯ ಸುಮಾರು 30,000 ವರ್ಷ. ಕೇಳಿದರೆ ಚಿಂತೆಯೇ ಇಲ್ಲ ಅನಿಸುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸಿ ಮತ್ತು ಜಿ ಪಾಲು ಶೇಕಡಾ 65ರಷ್ಟು, ಅಂದರೆ ಎರಡೂ ಎಳೆ ಸೇರಿ 29 ಲಕ್ಷ ಸಿ. ಲೆಕ್ಕ ಹಾಕಿದರೆ ಒಂದು ಬ್ಯಾಕ್ಟೀರಿಯಾದಲ್ಲಿ ಐದಾರು ದಿನಕ್ಕೊಂದು ಸಿ ಕೆಡುತ್ತದೆ. ಶ್ವಾಸಕೋಶದಲ್ಲಿ ಗುಳಿ ಬಿದ್ದಿದ್ದರೆ ಅದರೊಳಗೆ 10 ಕೋಟಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅಷ್ಟರಲ್ಲಿ ನಮ್ಮ 450ನೇ ಕೋಡಾನ್‌ನ ಅದೇ ಸಿ, ದಿನಕ್ಕೆ ಐದಾರು ಬ್ಯಾಕ್ಟೀರಿಯಾಗಳಲ್ಲಿ ಯುರಾಸಿಲ್ ಆಗುತ್ತಿರುತ್ತದೆ. ಪ್ರತಿ ದಿನ, ಯಾವ ಔಷಧಿಯೂ ಇಲ್ಲದಿರುವಾಗಲೂ. ಇದು ಅಂದಾಜು ಲೆಕ್ಕ, ಮತ್ತು ಕಡಿಮೆ ಕಡೆಯದು: ನಕಲಾಗುವಾಗ ಎಳೆ ಒಂಟಿಯಾಗಿ ತೆರೆದುಕೊಂಡಿರುವಷ್ಟು ಹೊತ್ತು ಸಿ ಕೆಡುವ ವೇಗ 100 ಪಟ್ಟಿಗೂ ಹೆಚ್ಚು.

ಇವುಗಳಲ್ಲಿ ಬಹುಪಾಲು ತಿದ್ದಿಹೋಗುವುದರಿಂದಲೇ ರಿಫಾಂಪಿಸಿನ್ ಇನ್ನೂ ಕೆಲಸಕ್ಕೆ ಬರುತ್ತಿದೆ. ಯುರಾಸಿಲ್ ಡಿಎನ್‌ಎ ಗ್ಲೈಕೊಸಿಲೇಸ್ ಎಂಬ ಪುಟ್ಟ ಕಿಣ್ವ ಎಳೆಗುಂಟ ಹುಡುಕುತ್ತ ಹೋಗುತ್ತದೆ. ಯುರಾಸಿಲ್ ಸಿಕ್ಕರೆ ಅದನ್ನು ಎಳೆಯಿಂದ ಹೊರಕ್ಕೆ ತಿರುಗಿಸಿ ತನ್ನ ಗುಳಿಯೊಳಗೆ ಹಾಕಿಕೊಂಡು, ಸಕ್ಕರೆಗೂ ಅದಕ್ಕೂ ಇರುವ ಬಂಧ ಕತ್ತರಿಸುತ್ತದೆ. ಅಕ್ಷರ ಬಿದ್ದು ಬೆನ್ನೆಲುಬು ಮಾತ್ರ ಉಳಿಯುತ್ತದೆ. ಇನ್ನೊಂದು ಕಿಣ್ವ ಆ ಖಾಲಿ ಜಾಗದಲ್ಲಿ ಎಳೆಯನ್ನು ಸೀಳುತ್ತದೆ. ಪಾಲಿಮರೇಸ್ ಎದುರಿನ ಜಿ ನೋಡಿ ಸಿ ತುಂಬುತ್ತದೆ. ಲೈಗೇಸ್ ಬೆಸೆಯುತ್ತದೆ. ಈ ಸಾಲಿನಲ್ಲಿ ನಡುವೆ ಎಲ್ಲಿ ನಿಂತರೂ ಅಪಾಯ: ಖಾಲಿ ಜಾಗ ಯುರಾಸಿಲ್‌ಗಿಂತ ಕೆಟ್ಟದ್ದು, ಪಾಲಿಮರೇಸ್ ಅದನ್ನು ಓದಲಾರದೆ ನಿಲ್ಲುತ್ತದೆ. ಈ ರಿಪೇರಿಯನ್ನು ಕಂಡುಹಿಡಿದದ್ದು ತೋಮಸ್ ಲಿಂಡಾಲ್, 1974ರಲ್ಲಿ.

ಆರ್‌ಎನ್‌ಎಯಲ್ಲಿ ಯು ಇದೆ, ಡಿಎನ್‌ಎಯಲ್ಲಿ ಯಾಕೆ ಟಿ ಎಂದು ಪಿಯುಸಿಯಲ್ಲಿ ಕೇಳಿದವರಿಗೂ ಉತ್ತರ ಇಲ್ಲೇ ಸಿಗುತ್ತದೆ. ಡಿಎನ್‌ಎಯಲ್ಲಿ ಯು ಸಹಜವಾಗಿ ಇದ್ದಿದ್ದರೆ, ಸಿ ಕೆಟ್ಟು ಆದ ಯು ಯಾವುದು, ಮೊದಲಿಂದ ಇದ್ದ ಯು ಯಾವುದು ಎಂದು ಗೊತ್ತಾಗುತ್ತಲೇ ಇರಲಿಲ್ಲ. ಟಿ ಬಳಸುವುದರಿಂದ ಪ್ರತಿ ಯು ಕೂಡ ಅನ್ಯ ಎಂದು ತಕ್ಷಣ ತಿಳಿಯುತ್ತದೆ. ಮನುಷ್ಯನಲ್ಲಿ ಈ ಉಪಾಯ ಸೋಲುವ ಒಂದು ಜಾಗವಿದೆ. ಸಿ ಪಕ್ಕ ಜಿ ಇರುವ ಕಡೆ ಆ ಸಿಗೆ ಮೀಥೈಲ್ ಗುಂಪು ಸೇರಿರುತ್ತದೆ. ಅಂಥ ಸಿ ಕೆಟ್ಟರೆ ಯು ಬದಲು ನೇರವಾಗಿ ಟಿ ಆಗುತ್ತದೆ, ಅನ್ಯ ಎನ್ನುವ ಗುರುತೇ ಇಲ್ಲ. ಕ್ಯಾನ್ಸರ್ ತಡೆಯುವ ಟಿಪಿ53 ಜೀನಿನ 175, 248, 273ನೇ ಕೋಡಾನ್‌ಗಳಲ್ಲಿ ಕ್ಯಾನ್ಸರ್ ಮ್ಯುಟೇಶನ್‌ಗಳು ಪದೇ ಪದೇ ಸಿಗುವುದು ಇಂಥ ಜಾಗಗಳಾಗಿರುವುದರಿಂದ.

ಕ್ಷಯದ ಬ್ಯಾಕ್ಟೀರಿಯಾಕ್ಕೆ ಯುರಾಸಿಲ್ ರಿಪೇರಿ ಬೇರೆಯವರಿಗಿಂತ ಹೆಚ್ಚು ಬೇಕು. ಅದರ ಡಿಎನ್‌ಎಯಲ್ಲಿ ಸಿ ಹೆಚ್ಚು. ಜೊತೆಗೆ ಅದು ವಾಸಿಸುವುದು ರೋಗಾಣುಗಳನ್ನು ನುಂಗುವ ನಮ್ಮ ಮ್ಯಾಕ್ರೋಫೇಜ್ ಕೋಶಗಳೊಳಗೆ, ಆ ಕೋಶಗಳು ಸಾರಜನಕದ ಆಕ್ಸೈಡುಗಳನ್ನು ಸುರಿದು ಸಿಯ ಅಮೈನೊ ಗುಂಪನ್ನು ಕೀಳುವ ಕೆಲಸಕ್ಕೆ ವೇಗ ಕೊಡುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ಣೇಯ ಅವರ ತಂಡ ಸ್ಮೆಗ್ಮಾಟಿಸ್‌ನಲ್ಲಿ ಈ ಕಿಣ್ವದ ಜೀನನ್ನು ಕೆಡಿಸಿ ನೋಡಿ 2003ರಲ್ಲಿ ಪ್ರಕಟಿಸಿತು. ಮ್ಯುಟೇಶನ್ ಹೆಚ್ಚಾಯಿತು, ಆಮ್ಲೀಯ ನೈಟ್ರೈಟ್ ತಡೆಯುವ ಶಕ್ತಿ ಕುಂದಿತು, ಇಲಿಯ ಮ್ಯಾಕ್ರೋಫೇಜ್‌ಗಳಲ್ಲಿ ಬದುಕುಳಿಯುವುದೂ ಕಷ್ಟವಾಯಿತು.

ಬೇರೆ ಹಾನಿಗಳ ಬಗ್ಗೆ ಚುಟುಕಾಗಿ. ಆಮ್ಲಜನಕದಿಂದ ಕೆಟ್ಟ ಜಿ, ಎ ಜೊತೆ ಜೋಡಿಯಾಗಿ ಜಿ ಬದಲು ಟಿ ತರುತ್ತದೆ. ಬಿಸಿಲಿನ ಯುವಿ ಪಕ್ಕಪಕ್ಕದ ಎರಡು ಟಿಗಳನ್ನು ಬೆಸೆಯುತ್ತದೆ. ಬ್ಯಾಕ್ಟೀರಿಯಾ ಆ ಜಾಗವನ್ನು 12-13 ಅಕ್ಷರಗಳ ತುಂಡಾಗಿ ಕತ್ತರಿಸಿ ತೆಗೆದು ಮತ್ತೆ ಬರೆಯುತ್ತದೆ, ಮನುಷ್ಯ 30ರ ಆಸುಪಾಸಿನ ತುಂಡಾಗಿ. ಎರಡೂ ಎಳೆ ತುಂಡಾದರೆ ನೋಡಿ ಬರೆಯಲು ಇನ್ನೊಂದು ಪ್ರತಿ ಬೇಕು. ನಕಲು ಮಾಡದೆ ತೆಪ್ಪಗಿರುವ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಆ ಪ್ರತಿ ಇರುವುದಿಲ್ಲ. ಆಗ ಅದು ಕೆಯು ಮತ್ತು ಲೈಗೇಸ್-ಡಿ ಎಂಬ ಪ್ರೋಟೀನುಗಳಿಂದ ಎರಡು ತುದಿಗಳನ್ನು ಹಾಗೇ ತಂದು ಅಂಟಿಸುತ್ತದೆ. ಒಂದೆರಡು ಅಕ್ಷರ ಹೆಚ್ಚುಕಡಿಮೆಯಾದರೂ ಪ್ರಾಣ ಉಳಿಯುತ್ತದೆ. ಇ. ಕೋಲೈಯಲ್ಲಿ ಈ ಜೋಡಿ ಇಲ್ಲವೇ ಇಲ್ಲ.

ಹಾನಿ ವಿಪರೀತವಾಗಿ ನಕಲು ನಿಂತುಹೋದಾಗ ಬ್ಯಾಕ್ಟೀರಿಯಾ ಒಂದು ಅಪಾಯದ ನಿರ್ಧಾರಕ್ಕೆ ಬರುತ್ತದೆ. ಒಂಟಿ ಎಳೆಯ ಮೇಲೆ ರೆಕ್-ಎ ಪ್ರೋಟೀನು ಸಾಲುಗಟ್ಟುತ್ತದೆ, ಲೆಕ್ಸ್-ಎ ಎಂಬ ತಡೆ ಮುರಿಯುತ್ತದೆ, ತುರ್ತು ಜೀನುಗಳು ತೆರೆದುಕೊಳ್ಳುತ್ತವೆ. ಅವುಗಳಲ್ಲಿ ಡಿಎನ್‌ಎ-ಇ2 ಎಂಬ ಪಾಲಿಮರೇಸ್ ಕೆಟ್ಟ ಅಕ್ಷರದ ಎದುರು ಏನಾದರೊಂದು ಹಾಕಿ ಮುಂದೆ ದಾಟುತ್ತದೆ. 2003ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಈ ಜೀನು ತೆಗೆದ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಔಷಧಿಗೆ ಬಗ್ಗದ ತಳಿಗಳು ಕಡಿಮೆ ಹುಟ್ಟಿದವು. ಡಿಎನ್‌ಎಗೆ ಹಾನಿ ಮಾಡುವ ಔಷಧಿ ಹೀಗೆ ಮ್ಯುಟೇಶನ್ ಪ್ರಮಾಣವನ್ನು ಏರಿಸಬಹುದು. ಆದರೆ ಯಾವ ಅಕ್ಷರ ಬದಲಾಗಬೇಕು ಎನ್ನುವುದನ್ನು ಔಷಧಿ ನಿರ್ಧರಿಸುವುದಿಲ್ಲ.

ಈ ಕೊನೆಯ ಮಾತಿಗೆ ಆಧಾರ 1943ರ ಒಂದು ಪ್ರಯೋಗ. ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರೂಕ್ ಇ. ಕೋಲೈಯನ್ನು 20 ಪುಟ್ಟ ಕೊಳವೆಗಳಲ್ಲಿ ಬೇರೆ ಬೇರೆಯಾಗಿ ಬೆಳೆಸಿ, ಒಂದೊಂದನ್ನೂ ಬ್ಯಾಕ್ಟೀರಿಯಾ ಕೊಲ್ಲುವ ವೈರಸ್ ಇರುವ ತಟ್ಟೆಗೆ ಸುರಿದರು. ಉಳಿದ ಕಾಲೊನಿಗಳ ಎಣಿಕೆ ಹೀಗಿತ್ತು: 1, 0, 3, 0, 0, 5, 0, 5, 0, 6, 107, 0, 0, 0, 1, 0, 0, 64, 0, 35. ವೈರಸ್ ಮುಟ್ಟಿದ ಮೇಲೆ ಬ್ಯಾಕ್ಟೀರಿಯಾ ಬದಲಾಗುವುದಾಗಿದ್ದರೆ ಎಲ್ಲ ತಟ್ಟೆಗಳಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕಿತ್ತು. 107 ಎಲ್ಲಿಂದ ಬಂತು? ಆ ಕೊಳವೆಯಲ್ಲಿ ವೈರಸ್ ಬರುವುದಕ್ಕೆ ಬಹಳ ಮೊದಲೇ ಒಂದು ಬ್ಯಾಕ್ಟೀರಿಯಾ ಬದಲಾಗಿತ್ತು, ಅದರ ಸಂತಾನವೆಲ್ಲ ಉಳಿಯಿತು. ಸೊನ್ನೆಗಳಿಂದ ಇನ್ನೂ ಒಂದು ಲೆಕ್ಕ ಸಿಗುತ್ತದೆ. 20ರಲ್ಲಿ 11 ಸೊನ್ನೆ, ಅಂದರೆ 0.55. ಇದರ ಸ್ವಾಭಾವಿಕ ಲಾಗರಿದಮ್‌ನ ಚಿಹ್ನೆ ಬದಲಿಸಿದರೆ 0.6: ಕೊಳವೆಗೆ ಸರಾಸರಿ 0.6 ಮ್ಯುಟೇಶನ್. ಕೊಳವೆಯಲ್ಲಿದ್ದ ಒಟ್ಟು ಬ್ಯಾಕ್ಟೀರಿಯಾಗಳಿಂದ ಭಾಗಿಸಿದರೆ ಮ್ಯುಟೇಶನ್ ಪ್ರಮಾಣ.

ಇದನ್ನು ಕಾಲೇಜಿನ ಲ್ಯಾಬಿನಲ್ಲಿ ನಿರುಪದ್ರವಿ ಇ. ಕೋಲೈ ತಳಿ ಮತ್ತು ರಿಫಾಂಪಿಸಿನ್ ಬಳಸಿ ಮಾಡಬಹುದು. 20 ಕೊಳವೆಗಳಿಗೆ ಒಂದೊಂದು ಮಿಲಿಲೀಟರ್ ಎಲ್‌ಬಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವ), ಪ್ರತಿಯೊಂದಕ್ಕೂ ಸುಮಾರು 1,000 ಬ್ಯಾಕ್ಟೀರಿಯಾ, 37 ಡಿಗ್ರಿಯಲ್ಲಿ ರಾತ್ರಿಯಿಡೀ. ಬೆಳಿಗ್ಗೆ ಮಿಲಿಲೀಟರಿಗೆ 100 ಮೈಕ್ರೊಗ್ರಾಂ ರಿಫಾಂಪಿಸಿನ್ ಇರುವ ತಟ್ಟೆಗಳಿಗೆ ಒಂದೊಂದು ಕೊಳವೆಯನ್ನೂ ಹರಡಬೇಕು. ಮೂರ್ನಾಲ್ಕು ಕೊಳವೆಗಳಿಂದ ಮೊದಲೇ ಚೂರು ತೆಗೆದು 10 ಲಕ್ಷ ಪಟ್ಟು ತೆಳುಮಾಡಿ ಔಷಧಿಯಿಲ್ಲದ ತಟ್ಟೆಗೆ ಹರಡಿದರೆ ಒಟ್ಟು ಎಣಿಕೆ ಸಿಗುತ್ತದೆ. ಕೆಡುವುದು ಸಾಮಾನ್ಯವಾಗಿ ಶುರುವಿನಲ್ಲೇ: ಹಿಂದಿನ ದಿನದ ಕಲ್ಚರಿನಿಂದ ಧಾರಾಳವಾಗಿ ಸುರಿದರೆ ಅದರಲ್ಲಿ ಆಗಲೇ ಬದಲಾದವು ಇರುತ್ತವೆ, ಎಲ್ಲ ತಟ್ಟೆಗಳೂ ತುಂಬುತ್ತವೆ. ರಿಫಾಂಪಿಸಿನ್ ಬೆಳಕಿಗೆ ಕೆಡುವುದರಿಂದ ತಟ್ಟೆಗಳನ್ನು ಕತ್ತಲಲ್ಲಿ, ಫ್ರಿಜ್ಜಿನಲ್ಲಿ ಇಡಬೇಕು. ಸಂಖ್ಯೆಗಳ ಸರಾಸರಿ ತೆಗೆಯಲೇಬಾರದು, 107ರಂಥ ಒಂದು ತಟ್ಟೆ ಲೆಕ್ಕವನ್ನೆಲ್ಲ ಎಳೆದುಕೊಂಡು ಹೋಗುತ್ತದೆ, ಮಧ್ಯಾಂಕ ಬಳಸಿ. ಸೊನ್ನೆಯ ಲೆಕ್ಕ ನಂಬಬಹುದಾದದ್ದು ಶೇ. 10ರಿಂದ 70ರಷ್ಟು ತಟ್ಟೆಗಳು ಸೊನ್ನೆಯಾಗಿದ್ದಾಗ ಮಾತ್ರ. ಒಂದೂ ಸೊನ್ನೆ ಬರದಿದ್ದರೆ ಮುಂದಿನ ಸಲ ಕೊಳವೆಗೆ 0.2 ಮಿಲಿಲೀಟರ್ ಸಾಕು.

ಈ ಅಂಕಿಗಳು ಶ್ವಾಸಕೋಶದಲ್ಲಿ ಏನು ಮಾಡುತ್ತವೆ ನೋಡಿ. ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ಐಸೊನಿಯಾಜಿಡ್ ಎಂಬ ಇನ್ನೊಂದು ಔಷಧಿಗೆ ಬಗ್ಗದಂಥದ್ದು ಸುಮಾರು 10 ಲಕ್ಷಕ್ಕೊಂದು, ರಿಫಾಂಪಿಸಿನ್‌ಗೆ ಬಗ್ಗದಂಥದ್ದು ಸುಮಾರು 10 ಕೋಟಿಗೊಂದು. 10 ಕೋಟಿ ಬ್ಯಾಕ್ಟೀರಿಯಾ ಇರುವ ಗುಳಿಗೆ ಐಸೊನಿಯಾಜಿಡ್ ಒಂದನ್ನೇ ಕೊಟ್ಟರೆ ಬಗ್ಗದ ನೂರು ಅಲ್ಲಿ ಆಗಲೇ ಕಾದಿವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಎರಡಕ್ಕೂ ಬಗ್ಗದಂಥದ್ದು 100 ಲಕ್ಷ ಕೋಟಿಗೊಂದು; ಯಾರ ಶ್ವಾಸಕೋಶದಲ್ಲೂ ಅಷ್ಟು ಬ್ಯಾಕ್ಟೀರಿಯಾ ಇರುವುದಿಲ್ಲ. ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ ಬ್ರಿಟನ್ನಿನ 1948ರ ಪ್ರಯೋಗದಲ್ಲಿ ಮೊದಲ ತಿಂಗಳುಗಳಲ್ಲಿ ಗೆಲುವಾದ ಹಲವರಲ್ಲಿ ಆಮೇಲೆ ಔಷಧಿ ನಾಟದಾದದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಈಗ ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲಿನ 4 ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಎಥಾಂಬ್ಯುಟಾಲ್ ಮೂರು. ಆ ಮೂರನೆಯದು ಯಾಕೆಂದರೆ, ಐಸೊನಿಯಾಜಿಡ್‌ಗೆ ಮೊದಲೇ ಬಗ್ಗದ ತಳಿ ಅಂಟಿದ್ದವರಲ್ಲಿ ಎರಡೇ ಔಷಧಿ ಕೊಟ್ಟರೆ ರಿಫಾಂಪಿಸಿನ್ ಒಂದೇ ಹೋರಾಡುತ್ತಿರುತ್ತದೆ. ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಒಂದು ಹೊಸ ಔಷಧಿ ಸೇರಿಸಬಾರದು ಎಂಬ ನಿಯಮವೂ ಇದೇ ಗುಣಾಕಾರದಿಂದ ಬಂದದ್ದು. ವಾಕರಿಕೆ ಎಂದು ಮಾತ್ರೆಗಳಲ್ಲಿ ಒಂದನ್ನು ಆರಿಸಿ ಬಿಡುವುದು ಅದಕ್ಕೇ ಅಷ್ಟು ಅಪಾಯ. ವಾಕರಿಕೆಯಾದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಬೇಕು.

ಸಿಬಿನಾಟ್ ಯಂತ್ರ ಕಫದಲ್ಲಿ ಓದುವುದು ಆರ್‌ಪಿಒ-ಬಿ ಜೀನಿನ 81 ಅಕ್ಷರಗಳನ್ನು. ರಿಫಾಂಪಿಸಿನ್‌ಗೆ ಬಗ್ಗದ ತಳಿಗಳಲ್ಲಿ ಶೇ. 95ರಷ್ಟರ ಮ್ಯುಟೇಶನ್ ಆ ತುಣುಕಿನಲ್ಲೇ ಇರುತ್ತದೆ. ಮೂಲ ಅಕ್ಷರಗಳಿಗೆ ಹೊಂದುವ 5 ಪ್ರೋಬ್‌ಗಳು (ಹೊಂದಿದರೆ ಬೆಳಗುವ ಪುಟ್ಟ ಡಿಎನ್‌ಎ ತುಣುಕುಗಳು) ಅದರ ಮೇಲೆ ಸಾಲಾಗಿ ಕೂರುತ್ತವೆ, ಹೊಂದದಿದ್ದರೆ ಬೆಳಗುವುದಿಲ್ಲ. 450ರಲ್ಲಿ ಟಿಸಿಜಿ ಬದಲು ಟಿಟಿಜಿ ಇದ್ದರೆ ಆರುವುದು ಐದನೆಯದಾದ ಇ ಪ್ರೋಬ್. ಎರಡು ಗಂಟೆಯೊಳಗೆ ಉತ್ತರ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಬೆಳೆದ ಟ್ರೂನ್ಯಾಟ್ ಕೂಡ ಇದೇ ಜೀನನ್ನು ನೋಡುತ್ತದೆ, ಅದು ಬ್ಯಾಟರಿಯಲ್ಲೂ ನಡೆಯುತ್ತದೆ.

ಓದುವಾಗ ಎಚ್ಚರ ಬೇಕಾದ ಮೂರು ಸಂದರ್ಭಗಳಿವೆ. 433ನೇ ಕೋಡಾನ್‌ನಲ್ಲಿ ಟಿಟಿಸಿ ಬದಲು ಟಿಟಿಟಿ ಬಂದರೆ ಅಮೈನೊ ಆಮ್ಲ ಫಿನೈಲ್‌ಅಲನಿನ್ ಹಾಗೇ ಉಳಿಯುತ್ತದೆ, ಔಷಧಿ ಕೆಲಸ ಮಾಡುತ್ತದೆ, ಆದರೂ ಪ್ರೋಬ್ ಹೊಂದದೆ ವರದಿ ರೆಸಿಸ್ಟೆಂಟ್ ಎನ್ನಬಹುದು. 491ನೇ ಕೋಡಾನ್‌ನ ಬದಲಾವಣೆ 81 ಅಕ್ಷರಗಳ ಹೊರಗಿದೆ, ಬಗ್ಗದ ತಳಿಯನ್ನೂ ಯಂತ್ರ ಬಗ್ಗುತ್ತದೆ ಎನ್ನುತ್ತದೆ. ಆಫ್ರಿಕಾದ ಎಸ್ವಾಟಿನಿಯಲ್ಲಿ ಇಂಥ ತಳಿ ಹರಡಿದ್ದು ಗೊತ್ತಾಗಿದೆ. ಮೂರನೆಯದು, ಕಫದಲ್ಲಿ ಟಿಸಿಜಿಯವೂ ಟಿಟಿಜಿಯವೂ ಬೆರೆತಿರುವುದು. ಬದಲಾದವು ಇನ್ನೂ ಕಡಿಮೆಯಿದ್ದರೆ ಮೂಲದವುಗಳ ಬೆಳಕಿನಲ್ಲಿ ಅವು ಕಾಣುವುದೇ ಇಲ್ಲ. ಚಿಕಿತ್ಸೆ ಶುರುವಾಗಿ ಎರಡು ತಿಂಗಳಾದರೂ ಕಫದಲ್ಲಿ ಬ್ಯಾಕ್ಟೀರಿಯಾ ಸಿಗುತ್ತಿದ್ದರೆ ಹಳೆಯ ವರದಿ ಇಟ್ಟುಕೊಂಡು ಕೂರದೆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.